ಚೆಂಡು ಬ್ಯಾಟಿಗೆ ಸಿಗುವ ಬಗೆ

ಚೆಂಡು ಬ್ಯಾಟಿನ ಸರಿಯಾದ ಜಾಗಕ್ಕೆ ತಾಗಿದರೆ ಕೈಗೆ ಅದು ಗೊತ್ತೇ ಆಗುವುದಿಲ್ಲ. ಹಿಡಿಯ ಹತ್ತಿರ ತಾಗಿದರೆ ಬೆರಳೆಲ್ಲ ಜುಮ್ಮೆನ್ನುತ್ತದೆ, ತುದಿಗೆ ತಾಗಿದರೂ ಅಷ್ಟೇ. ಫೆಬ್ರವರಿಯ ಚಳಿ ಬೆಳಗಿನಲ್ಲಂತೂ ಅಂಗೈಗೆ ಬೆತ್ತದ ಏಟು ಬಿದ್ದ ಹಾಗೆ. ತುದಿಯಿಂದ ಸುಮಾರು 15 ಸೆಂಟಿಮೀಟರ್ ಈಚೆಗೆ ಒಂದು ಪಟ್ಟಿಯಿದೆ. ಏಟಿಗೆ ಇಡೀ ಬ್ಯಾಟು ನಡುಗುವಾಗಲೂ ಆ ಜಾಗ ಹೆಚ್ಚುಕಮ್ಮಿ ಅಲುಗದೆ ಇರುತ್ತದೆ. ಅಲ್ಲಿ ತಾಗಿದ ಚೆಂಡಿನ ಬಲ ನಡುಕದಲ್ಲಿ ಪೋಲಾಗದೆ ಚೆಂಡಿಗೇ ಮರಳುತ್ತದೆ. "ಅಮ್ಮಾ, ಹೊಡೆದ ಹಾಗೇ ಆಗ್ಲಿಲ್ಲ" ಎಂದ ನನ್ನ ಮಗ, ಮೊದಲ ಸಲ ಅಂಥದ್ದೊಂದು ಏಟು ಬಿದ್ದಾಗ. ಚೆಂಡು ಬೇಲಿ ದಾಟಿ ಪಕ್ಕದವರ ನಿಂಬೆ ಗಿಡದ ಬುಡ ಸೇರಿತ್ತು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿನ ಕನ್ನಡದ ಮನೆಗಳ ಹುಡುಗರಲ್ಲಿ ಕೆಲವರು ಶನಿವಾರ ಕ್ರಿಕೆಟ್ಟಿಗೂ ಭಾನುವಾರ ಲಿಟ್ಲ್ ಲೀಗ್ ಬೇಸ್‌ಬಾಲಿಗೂ ಹೋಗುತ್ತಾರೆ. ಮಗನಿಗೆ ಈಗ ಹನ್ನೊಂದು. ಎರಡು ವರ್ಷದಿಂದ ಹಿತ್ತಲಲ್ಲಿ ಬಕೆಟ್ ಬೋರಲು ಹಾಕಿ ಕೂತು ಅವನಿಗೆ ಚೆಂಡೆಸೆಯುತ್ತಿದ್ದೇನೆ. ಆ ಒಂದು ಪಟ್ಟಿಗೆ ಚೆಂಡನ್ನು ಮತ್ತೆ ಮತ್ತೆ ತಾಗಿಸುವುದು ಹೇಗೆ ಎಂದು ತಿಳಿಯಲು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅಮೆರಿಕದಲ್ಲಿ ಇದು ನೂರು ವರ್ಷದ ವಾಗ್ವಾದ. ಒಬ್ಬರು ಕೆಳಮುಖ ಬೀಸು ಎಂದರೆ ಇನ್ನೊಬ್ಬರು ಮೇಲ್ಮುಖ ಎಂದಿದ್ದಾರೆ. ಹಿಂಗಾಲಿನ ಮೇಲೆ ನಿಲ್ಲು ಎಂದವರಿದ್ದಾರೆ, ಮುಂಗಾಲಿಗೆ ಭಾರ ಹಾಕು ಎಂದವರಿದ್ದಾರೆ. ಎಲ್ಲರನ್ನೂ ಓದಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಒಳ್ಳೆಯ ಏಟಿನ ಬಹುಪಾಲು ಬ್ಯಾಟು ಅಲುಗುವ ಮೊದಲೇ ತೀರ್ಮಾನವಾಗಿರುತ್ತದೆ. ಯಾವ ಚೆಂಡನ್ನು ಆರಿಸಿಕೊಂಡೆ, ಅದನ್ನು ಎಷ್ಟು ಹೊತ್ತು ನೋಡಿದೆ ಎಂಬುದೇ ಮುಖ್ಯ. ಕೈ, ಸೊಂಟ, ಪಾದದ ಪಾಠಗಳೆಲ್ಲ ಆ ನೋಟಕ್ಕೆ ಒಂದಿಷ್ಟು ಹೆಚ್ಚು ಸಮಯ ಗಳಿಸಿಕೊಡುವ ಉಪಾಯಗಳು.

ಸಮಯ ಎಷ್ಟು ಕಡಿಮೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಚೆಂಡೆಸೆಯುವ ಪಿಚರ್ ಕಾಲೂರುವ ರಬ್ಬರ್ ಪಟ್ಟಿಯಿಂದ ಹೊಡೆಯುವವನ ಬಳಿಯ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು; 1893ರಿಂದ ಇದೇ ಅಳತೆ. ಪಿಚರ್ ಮುಂದಕ್ಕೆ ಚಾಚಿ ಎಸೆಯುವುದರಿಂದ ಅದರಲ್ಲಿ ಐದಾರು ಅಡಿ ಕಳೆದೇ ಹೋಗುತ್ತದೆ. ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ವೇಗದ ಚೆಂಡು 0.4 ಸೆಕೆಂಡಿನಲ್ಲಿ ಪ್ಲೇಟ್ ಮುಟ್ಟುತ್ತದೆ. ಬ್ಯಾಟು ಹೊರಟು ಚೆಂಡಿಗೆ ತಾಗಲು ಸುಮಾರು 0.15 ಸೆಕೆಂಡ್ ಬೇಕು. ನೋಡಿ, ಗುರುತಿಸಿ, ಬೀಸಬೇಕೋ ಬಿಡಬೇಕೋ ಎಂದು ನಿರ್ಧರಿಸಲು ಉಳಿಯುವುದು ಕಾಲು ಸೆಕೆಂಡ್. ಬ್ಯಾಟು ಹೊರಡುವ ಗಳಿಗೆಯಲ್ಲಿ ಚೆಂಡು ಇನ್ನೂ ಆರು ಮೀಟರ್ ದೂರದಲ್ಲಿರುತ್ತದೆ. ಲಿಟ್ಲ್ ಲೀಗ್‌ನ ಹುಡುಗರಿಗೆ ದೂರವೂ ಕಮ್ಮಿ, 46 ಅಡಿ. ಅಲ್ಲಿ ಒಬ್ಬ ಹುಡುಗ 60 ಮೈಲಿ ವೇಗದಲ್ಲಿ ಎಸೆದರೆ ಎದುರಿನವನಿಗೆ ಸಿಗುವುದು ಅರ್ಧ ಸೆಕೆಂಡ್.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇನ್ನೊಂದು ಸಂಗತಿ ತಟ್ಟನೆ ಹೊಳೆಯುವುದಿಲ್ಲ. ಕ್ರಿಕೆಟ್ ಬ್ಯಾಟು ಚಪ್ಪಟೆ, ಅದರ ಅಗಲ 10.8 ಸೆಂಟಿಮೀಟರ್‌ವರೆಗೆ ಇರಬಹುದು. ಬೇಸ್‌ಬಾಲ್ ಬ್ಯಾಟು ದುಂಡಗೆ, ಅತಿ ದಪ್ಪವಿರುವ ಕಡೆಯೂ ಅದರ ವ್ಯಾಸ 2.61 ಇಂಚು, ಅಂದರೆ 6.6 ಸೆಂಟಿಮೀಟರ್ ಮೀರುವಂತಿಲ್ಲ. ಚೆಂಡೂ ದುಂಡಗೆ. ನಡುವಿಗೆ ನಡು ಕೂಡಿದರೆ ಚೆಂಡು ನೇರ ಹೋಗುತ್ತದೆ. ಎರಡು-ಮೂರು ಸೆಂಟಿಮೀಟರ್ ಕೆಳಗೆ ತಾಗಿದರೆ ಎತ್ತರಕ್ಕೆ ಹಾರಿ ದೂರ ಬೀಳುತ್ತದೆ. ಇನ್ನಷ್ಟು ಕೆಳಗಾದರೆ ತಲೆಯ ಮೇಲೇ ಏರಿ ಕ್ಯಾಚ್. ಸಮಯದ ತಪ್ಪೂ ಹಾಗೆಯೇ: ಸೆಕೆಂಡಿನ ನೂರನೇ ಒಂದು ಪಾಲು ಮುಂಚೆಯೋ ತಡವೋ ಆದರೆ ಏಟು ಗೆರೆಯ ಹೊರಗೆ ಹೋಗಿ ಫೌಲ್ ಆಗುತ್ತದೆ. ಕ್ರಿಕೆಟ್ಟಿನಲ್ಲಿ ಹಿಂದಕ್ಕೆ ಜಾರಿದ ಚೆಂಡಿಗೂ ರನ್ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ.

ಇಂಥ ಬಿಗಿಯಲ್ಲಿ ಮಗುವಿಗೆ ಏನು ಹೇಳಬೇಕು? ಮಗನ ಮೊದಲ ತರಬೇತುದಾರರು ಒಳ್ಳೆಯ ಮನುಷ್ಯರು, ಆದರೆ ಪ್ರತಿ ಚೆಂಡಿಗೂ ಕೂಗುತ್ತಿದ್ದರು. ಮೊಣಕೈ ಎತ್ತು, ಕಣ್ಣು ಚೆಂಡಿನ ಮೇಲಿಡು, ಭುಜ ತಿರುಗಿಸಬೇಡ, ಬ್ಯಾಟು ಸಮತಟ್ಟಾಗಿ ಬರಲಿ. ನಾಲ್ಕು ಆಜ್ಞೆಗಳನ್ನು ಹೊತ್ತ ಹುಡುಗ ಮರದ ಬೊಂಬೆಯಂತೆ ನಿಂತುಬಿಡುತ್ತಿದ್ದ. ಚೆಂಡು ಹಿಂದಿನ ಕ್ಯಾಚರ್ ಕೈಸೇರಿದ ಮೇಲೆ ಅವನ ಬ್ಯಾಟು ಹೊರಡುತ್ತಿತ್ತು. ಆ ಸೀಸನ್ ಮುಗಿಯುವಷ್ಟರಲ್ಲಿ ಅವನಿಗೆ ಬ್ಯಾಟ್ ಹಿಡಿಯುವುದೆಂದರೆ ಭಯ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ರಾಬ್ ಗ್ರೇ ಇದನ್ನು ಪ್ರಯೋಗದಲ್ಲಿಯೇ ನೋಡಿದ್ದಾರೆ. ನುರಿತ ಆಟಗಾರರಿಗೆ ಬ್ಯಾಟು ಬೀಸುವಾಗ ತಮ್ಮ ಕೈಯ ಚಲನೆಯ ಮೇಲೆ ಗಮನವಿಡಲು ಹೇಳಿದರೆ ಅವರ ಆಟ ಕೆಡುತ್ತದೆ. ಹೊಸಬರಿಗೆ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಕಲಿಯುವಾಗ ಒಂದು ಮಾತು ಸಾಕು, ಆಡುವಾಗ ಅದೂ ಬೇಡ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

"ಕಣ್ಣು ಚೆಂಡಿನ ಮೇಲಿಡು" ಎಂಬ ಮಾತನ್ನೇ ನೋಡಿ. ಇದಕ್ಕಿಂತ ಹಳೆಯ, ಇದಕ್ಕಿಂತ ಸರಿ ಎನಿಸುವ ಸಲಹೆ ಇನ್ನೊಂದಿಲ್ಲ. 1980ರ ದಶಕದಲ್ಲಿ ಟೆರ್ರಿ ಬಾಹಿಲ್ ಎಂಬ ಎಂಜಿನಿಯರ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದು, ಚೆಂಡನ್ನು ಬ್ಯಾಟಿನವರೆಗೂ ಕಣ್ಣಿನಿಂದ ಹಿಂಬಾಲಿಸುವುದು ಯಾರಿಗೂ ಸಾಧ್ಯವಿಲ್ಲ ಎಂದು ತೋರಿಸಿದರು. ಕೊನೆಯ ಐದಾರು ಅಡಿಯಲ್ಲಿ ಚೆಂಡು ಕಣ್ಣಿನ ಮುಂದೆ ಹಾಯುವ ವೇಗವನ್ನು ಮನುಷ್ಯನ ಕಣ್ಣು ಮುಟ್ಟಲಾರದು. ಹಾಗಾದರೆ ಆಟಗಾರ ಹೊಡೆಯುವುದು ಏನನ್ನು? ಮೊದಲ ಅರ್ಧ ದಾರಿಯಲ್ಲಿ ಕಂಡದ್ದರಿಂದ ಮನಸ್ಸು ಊಹಿಸಿದ ಚೆಂಡನ್ನು. ಸಂಶೋಧಕರಾದ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ 2000ದಲ್ಲಿ ಕ್ರಿಕೆಟ್ ಬ್ಯಾಟುಗಾರರಲ್ಲೂ ಇಂಥದ್ದನ್ನೇ ಕಂಡರು. ಒಳ್ಳೆಯ ಬ್ಯಾಟುಗಾರನ ಕಣ್ಣು ಚೆಂಡನ್ನು ಬಿಟ್ಟು ಅದು ಪುಟಿಯಲಿರುವ ಜಾಗಕ್ಕೆ ಮೊದಲೇ ಹಾರಿ ಕಾಯುತ್ತದೆ. ಬೇಸ್‌ಬಾಲಿನಲ್ಲಿ ಪುಟಿಯುವ ಜಾಗವಿಲ್ಲ. ಆದ್ದರಿಂದ ಚೆಂಡು ಕೈಬಿಡುವ ಗಳಿಗೆಯೇ ಇಲ್ಲಿ ಸರ್ವಸ್ವ: ಬೆರಳುಗಳ ಕೋನ, ಹೊಲಿಗೆಯ ಕೆಂಪು ದಾರ ಸುತ್ತುವ ರೀತಿ, ಮೊದಲ ಕೆಲವು ಅಡಿಗಳ ದಿಕ್ಕು.

ಇದಕ್ಕೆ ಬಹಳ ಸ್ಪಷ್ಟವಾದ ಸಾಕ್ಷಿ 2004ರಲ್ಲಿ ಸಿಕ್ಕಿತು. ಅಮೆರಿಕದ ವೃತ್ತಿಪರ ಬೇಸ್‌ಬಾಲಾದ ಮೇಜರ್ ಲೀಗ್‌ನ ಅತಿ ಭಯಂಕರ ಹೊಡೆತಗಾರರಲ್ಲಿ ಒಬ್ಬರಾದ ಆಲ್ಬರ್ಟ್ ಪೂಹೋಲ್ಸ್ ಒಂದು ಪ್ರದರ್ಶನ ಪಂದ್ಯದಲ್ಲಿ ಸಾಫ್ಟ್‌ಬಾಲ್ ಆಟಗಾರ್ತಿ ಜೆನ್ನಿ ಫಿಂಚ್ ಎದುರು ನಿಂತು ಔಟಾದರು. ಚೆಂಡು ದೊಡ್ಡದು, ವೇಗ ಅವರು ದಿನವೂ ಎದುರಿಸುತ್ತಿದ್ದುದಕ್ಕಿಂತ ಕಡಿಮೆ. 43 ಅಡಿ ದೂರದಿಂದ ಬರುವುದರಿಂದ ಸಿಗುವ ಸಮಯ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಆದರೆ ಸೊಂಟದ ಕೆಳಗಿನಿಂದ ತಿರುಗಿಸಿ ಎಸೆಯುವ ಆ ಕೈಯನ್ನು ಅವರು ನೋಡಿ ಅಭ್ಯಾಸವಿರಲಿಲ್ಲ. ಅವರ ತೋಳಿನ ಬಲ, ಕಣ್ಣಿನ ಚುರುಕು ಎಲ್ಲ ಇದ್ದವು. ಸಾವಿರಾರು ಪಿಚ್‌ಗಳಿಂದ ಒಳಗೆ ಕೂಡಿಟ್ಟಿದ್ದ ಚಿತ್ರಕೋಶ ಮಾತ್ರ ಅವತ್ತು ಉಪಯೋಗಕ್ಕೆ ಬರಲಿಲ್ಲ.

ಇನ್ನು ಬ್ಯಾಟಿನ ದಾರಿಯ ವಿಷಯ. ದಶಕಗಳ ಕಾಲ ಮಕ್ಕಳಿಗೆ ಹೇಳುತ್ತಿದ್ದದ್ದು, ಕೊಡಲಿಯಿಂದ ಕಡಿದಂತೆ ಮೇಲಿನಿಂದ ಕೆಳಗೆ ಬೀಸು, ಇಲ್ಲವೇ ಮೇಜಿನ ಹಾಗೆ ಸಮತಟ್ಟಾಗಿ ಬೀಸು ಎಂದು. ಟೆಡ್ ವಿಲಿಯಮ್ಸ್ ಇದನ್ನು ಒಪ್ಪಲಿಲ್ಲ. 1941ರಲ್ಲಿ ಅವರ ಸರಾಸರಿ 0.406, ಅಂದರೆ ಸಾವಿರಕ್ಕೆ 406 ಸಲ ಹೊಡೆದು ಬೇಸ್ ಮುಟ್ಟಿದರು. ಅದಾದ ಮೇಲೆ ಅಮೆರಿಕನ್, ನ್ಯಾಷನಲ್ ಲೀಗ್‌ಗಳ ಪೂರ್ತಿ ಸೀಸನ್ನಿನಲ್ಲಿ 0.400 ಮುಟ್ಟಿದವರು ಯಾರೂ ಇಲ್ಲ. 1970ರಲ್ಲಿ ಜಾನ್ ಅಂಡರ್‌ವುಡ್ ಜೊತೆ ಬರೆದ 'ದಿ ಸೈನ್ಸ್ ಆಫ್ ಹಿಟ್ಟಿಂಗ್' ಪುಸ್ತಕದಲ್ಲಿ ಅವರ ವಾದ ಸರಳ. ಪಿಚರ್ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ, ಚೆಂಡು ಇಳಿಯುತ್ತಾ ಬರುತ್ತದೆ. ಅದನ್ನು ಎದುರುಗೊಳ್ಳಲು ಬ್ಯಾಟು ಸ್ವಲ್ಪ ಏರಬೇಕು.

ನನ್ನ ಮಗನಿಗೆ ನಾನು ಇದನ್ನು ಊರಿನ ರೈಲುಹಳಿಯಿಂದ ವಿವರಿಸಿದೆ. ಎರಡು ಗಾಡಿ ಒಂದೇ ಹಳಿಯ ಮೇಲೆ ಎದುರುಬದುರು ಬಂದರೆ, ಯಾವುದು ಬೇಗ ಹೊರಟರೂ ತಡವಾಗಿ ಹೊರಟರೂ ಎಲ್ಲೋ ಒಂದು ಕಡೆ ಮುಖಾಮುಖಿ ಆಗಲೇಬೇಕು. ಅಡ್ಡಹಾದಿಯಲ್ಲಿ ಬಂದರೆ ಕೂಡುರಸ್ತೆಯ ಒಂದೇ ಬಿಂದುವಿನಲ್ಲಿ, ಒಂದೇ ಕ್ಷಣದಲ್ಲಿ ಎರಡೂ ಇರಬೇಕು. ವೇಗದ ಚೆಂಡು ಪ್ಲೇಟ್ ಬಳಿ ಸುಮಾರು 5-6 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ, ಬಾಗಿ ಇಳಿಯುವ ಕರ್ವ್‌ಬಾಲ್ ಅದಕ್ಕಿಂತ ಕಡಿದಾಗಿ. ಬ್ಯಾಟು ಅಷ್ಟೇ ಕೋನದಲ್ಲಿ ಏರಿದರೆ ಎರಡೂ ಒಂದೇ ಹಳಿಯ ಮೇಲಿರುತ್ತವೆ, ಸಮಯದ ಸಣ್ಣ ತಪ್ಪು ಮನ್ನಾ ಆಗುತ್ತದೆ. ಮೇಲಿನಿಂದ ಕಡಿಯುವ ಬ್ಯಾಟಿಗೆ ಆ ಮನ್ನಾ ಇಲ್ಲ.

ಆದರೂ ವಿಲಿಯಮ್ಸ್ ಪುಸ್ತಕದಲ್ಲಿ ನನಗೆ ಅತಿ ಮುಖ್ಯ ಎನಿಸಿದ್ದು ಇದಲ್ಲ. ಅವರು ಸ್ಟ್ರೈಕ್ ಜೋನನ್ನು, ಅಂದರೆ ಹೊಡೆಯಬಲ್ಲ ಚೌಕಟ್ಟನ್ನು, 77 ಚೆಂಡುಗಳಾಗಿ ಭಾಗಿಸಿ ಪ್ರತಿಯೊಂದರ ಮೇಲೂ ತಮ್ಮ ಅಂದಾಜು ಸರಾಸರಿ ಬರೆದರು. ನಡುವಿನ ಚೆಂಡುಗಳಿಗೆ 0.400, ಹೊರಬದಿಯ ತಗ್ಗಿನ ಮೂಲೆಗೆ 0.230. ಮನುಷ್ಯ ಅದೇ, ಬೀಸುವ ರೀತಿಯೂ ಅದೇ. ಆರಿಸಿದ ಚೆಂಡು ಬೇರೆಯಾದದ್ದಕ್ಕೆ ಸರಾಸರಿ ಅರ್ಧಕ್ಕಿಂತ ತುಸು ಮೇಲಷ್ಟಕ್ಕೆ ಬಿತ್ತು. ಕೈಯ ತಿದ್ದುಪಡಿಯಿಂದ ಇಷ್ಟು ದೊಡ್ಡ ವ್ಯತ್ಯಾಸ ತರಬಲ್ಲ ಗುರುವನ್ನು ನಾನು ಕಂಡಿಲ್ಲ.

ತರಬೇತುದಾರ ಚಾರ್ಲಿ ಲಾವ್ ಅವರನ್ನು ವಿಲಿಯಮ್ಸ್‌ಗೆ ಎದುರಾಳಿ ಎಂದು ನೋಡುವುದು ವಾಡಿಕೆ. ಮುಂಗಾಲಿಗೆ ಭಾರ ಹರಿಸು, ತಲೆ ಕೆಳಗಿಡು, ತಾಗಿದ ಮೇಲೆ ಮೇಲಿನ ಕೈ ಬಿಟ್ಟರೂ ಸರಿ, ಮೈದಾನದ ಎಲ್ಲ ಕಡೆಗೂ ಹೊಡೆ ಎಂಬುದು ಅವರ ಪಾಠ. ಅವರ ಶಿಷ್ಯ ಜಾರ್ಜ್ ಬ್ರೆಟ್ 1980ರಲ್ಲಿ 0.390 ತಲುಪಿದರು. ವಿಲಿಯಮ್ಸ್ ಸೊಂಟ ತಿರುಗಿಸು ಎಂದರೆ ಲಾವ್ ಭಾರ ಸಾಗಿಸು ಎಂದರು. ವೇಗದ ಕ್ಯಾಮೆರಾ ಬಂದ ಮೇಲೆ ಇಬ್ಬರೂ ಒಂದೇ ಚಲನೆಯ ಎರಡು ಭಾಗ ಹೇಳುತ್ತಿದ್ದರೆಂದು ಗೊತ್ತಾಯಿತು. ಭಾರ ಮುಂದೆ ಹರಿದು, ಮುಂಗಾಲು ನೆಲಕ್ಕೆ ಗಟ್ಟಿಯಾಗಿ ಊರಿ ತಡೆಯೊಡ್ಡಿದಾಗ, ಸೊಂಟ ಮೊದಲು ತಿರುಗುತ್ತದೆ, ಅದರ ಹಿಂದೆ ಎದೆ, ಅದರ ಹಿಂದೆ ತೋಳು, ಕೊನೆಗೆ ಬ್ಯಾಟು. ಚಾಟಿ ಬೀಸಿದ ಹಾಗೆ ಒಂದರ ಹಿಂದೆ ಒಂದು. ಕೈ ಮೊದಲು ಹೊರಟರೆ ಬ್ಯಾಟು ಚೆಂಡಿನ ದಾರಿಯನ್ನು ಬೇಗ ದಾಟಿಬಿಡುತ್ತದೆ. ಕೈ ಹಿಂದೆಯೇ ಉಳಿದು ಸೊಂಟ ಹೊರಟರೆ ನೋಡಲು ಇನ್ನೊಂದಿಷ್ಟು ಹೊತ್ತು ಸಿಗುತ್ತದೆ.

ಜಪಾನಿನಲ್ಲಿ ಸದಹಾರು ಓ ಇದನ್ನೇ ಬೇರೆ ದಾರಿಯಿಂದ ಹುಡುಕಿಕೊಂಡರು. ಆರಂಭದ ವರ್ಷಗಳಲ್ಲಿ ಅವರ ಬ್ಯಾಟು ಯಾವಾಗಲೂ ತಡವಾಗುತ್ತಿತ್ತು. 1962ರಲ್ಲಿ ತರಬೇತುದಾರ ಹಿರೋಷಿ ಅರಾಕಾವಾ, ಓ ಅವರನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿದರು. ಮುಂಗಾಲು ಕೊಕ್ಕರೆಯಂತೆ ಮೇಲೆತ್ತಿ ಕಾಯುವ ಆ ಭಂಗಿಯಲ್ಲಿ ಸಮತೋಲ ತಪ್ಪಿದ ಕ್ಷಣವೇ ಗೊತ್ತಾಗುತ್ತದೆ, ಆತುರಕ್ಕೆ ಎಡೆಯೇ ಇಲ್ಲ. ಓ ಐಕಿಡೋ ಎಂಬ ಸಮರಕಲೆ ಕಲಿತರು. ಸೂರಿಗೆ ತೂಗುಬಿಟ್ಟ ಕಾಗದವನ್ನು ಕತ್ತಿಯಿಂದ ಸೀಳುವ ಅಭ್ಯಾಸ ಮಾಡಿದರು. ತೂಗಾಡುವ ಕಾಗದಕ್ಕೆ ಬಲ ಹಾಕಿದರೆ ಅದು ಬಾಗುತ್ತದಷ್ಟೇ, ಸೀಳುವುದಿಲ್ಲ. ಅಲಗು ಸರಿಯಾದ ಕೋನದಲ್ಲಿ ಬರಬೇಕು. ನಿವೃತ್ತರಾಗುವಾಗ ಅವರ ಹೋಮ್ ರನ್ 868.

ಹೆಚ್ಚು ಹೊಡೆಯುವುದಕ್ಕಿಂತ ತಪ್ಪದೆ ತಾಗಿಸುವುದರಲ್ಲೇ ಬದುಕು ಕಟ್ಟಿಕೊಂಡವರ ಬೇರೊಂದು ಪರಂಪರೆಯಿದೆ, ನನಗೆ ಅವರ ಮೇಲೆ ವಿಶೇಷ ಪ್ರೀತಿ. ಜೋ ಸೂವೆಲ್ 1925ರ ಇಡೀ ಸೀಸನ್ನಿನಲ್ಲಿ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕಿಗೆ ಔಟ್, ಆದದ್ದು ನಾಲ್ಕೇ ಸಲ. ಟೋನಿ ಗ್ವಿನ್ 20 ಸೀಸನ್ ಆಡಿ ಸ್ಟ್ರೈಕ್‌ಔಟ್ ಆದದ್ದು 434 ಸಲ, ಹಿಟ್‌ಗಳು 3,141. ಆ ಕಾಲದ ಅತಿ ಚತುರ ಪಿಚರ್ ಗ್ರೆಗ್ ಮ್ಯಾಡಕ್ಸ್ ಅವರಿಂದ ಒಮ್ಮೆಯೂ ಅವರನ್ನು ಸ್ಟ್ರೈಕ್‌ಔಟ್ ಮಾಡಲಾಗಲಿಲ್ಲ. ಗ್ವಿನ್ ಬ್ಯಾಟು ಗಿಡ್ಡ, ಹಗುರ. 1983ರಲ್ಲಿ ಆಟ ಕೈಕೊಟ್ಟಾಗ, ಟಿವಿಯಲ್ಲಿ ಬರುವ ಪಂದ್ಯಗಳನ್ನು ರೆಕಾರ್ಡ್ ಮಾಡಿಡಲು ಮನೆಯಲ್ಲಿದ್ದ ಹೆಂಡತಿಗೆ ಹೇಳಿ, ಊರಿಗೆ ಮರಳಿ ತಮ್ಮ ಬೀಸನ್ನು ತಾವೇ ನೋಡಿ ತಿದ್ದಿಕೊಂಡರು. ಈಗ ಪ್ರತಿ ತಂಡಕ್ಕೂ ವಿಡಿಯೋ ಕೋಣೆಯಿದೆ. ಆಗ ಅದು ಒಬ್ಬ ಆಟಗಾರನ ಮನೆಯ ವಿಸಿಆರ್.

ಈ ಪರಂಪರೆ 2015ರ ಬಳಿಕ ಮಂಕಾಯಿತು. ಆ ವರ್ಷ ಸ್ಟ್ಯಾಟ್‌ಕ್ಯಾಸ್ಟ್ ಎಂಬ ವ್ಯವಸ್ಥೆ ಎಲ್ಲ ಮೇಜರ್ ಲೀಗ್ ಮೈದಾನಗಳಿಗೂ ಬಂದು, ಚೆಂಡು ಬ್ಯಾಟಿನಿಂದ ಹೊರಡುವ ವೇಗ ಮತ್ತು ಕೋನವನ್ನು ಅಳೆಯತೊಡಗಿತು. ಎತ್ತರಕ್ಕೆ, ಜೋರಾಗಿ ಹೊಡೆದರೆ ಲಾಭವೆಂದು ಅಂಕಿಗಳು ಹೇಳಿದವು. ಅದಕ್ಕೂ ಮುನ್ನವೇ, 2014ರ ಮಾರ್ಚಿನಲ್ಲಿ ಹ್ಯೂಸ್ಟನ್ ತಂಡ ಕೈಬಿಟ್ಟ ಜೆ.ಡಿ. ಮಾರ್ಟಿನೆಜ್ ತಮ್ಮ ಬೀಸನ್ನು ಬುಡಸಹಿತ ಬದಲಿಸಿ ಡೆಟ್ರಾಯಿಟ್ ಪರ 0.315 ಸರಾಸರಿ ತಂದಿದ್ದರು. ಅವರಿಗೆ ಒಗ್ಗಿದ್ದು ಎಲ್ಲರಿಗೂ ಒಗ್ಗಲಿಲ್ಲ. ಪಿಚರ್‌ಗಳು ಸ್ಟ್ರೈಕ್ ಜೋನಿನ ಮೇಲ್ಭಾಗಕ್ಕೆ, ಹಿಮ್ಮುಖ ಸುತ್ತು ಕೊಟ್ಟ ವೇಗದ ಚೆಂಡು ಎಸೆಯತೊಡಗಿದರು. ಅದು ಕಮ್ಮಿ ಇಳಿಯುತ್ತದೆ, ಏರುವ ಬ್ಯಾಟು ಅದರ ಕೆಳಗೆ ಹಾದುಹೋಗುತ್ತದೆ. 2018ರಲ್ಲಿ ಮೇಜರ್ ಲೀಗ್ ಇತಿಹಾಸದಲ್ಲೇ ಮೊದಲ ಬಾರಿಗೆ ಇಡೀ ಸೀಸನ್ನಿನ ಸ್ಟ್ರೈಕ್‌ಔಟ್‌ಗಳು ಹಿಟ್‌ಗಳನ್ನು ಮೀರಿದವು: 41,207 ಎದುರು 41,018. ವಿಲಿಯಮ್ಸ್ ಹೇಳಿದ್ದು ಚೆಂಡಿನ ಇಳಿಜಾರಿಗೆ ತಕ್ಕಷ್ಟು ಏರು ಎಂದು. ಅದರಲ್ಲಿ ಏರು ಎಂಬುದು ಮಾತ್ರ ಉಳಿದು, ತಕ್ಕಷ್ಟು ಎಂಬುದು ಕಳೆದುಹೋಯಿತು.

ಹಾಗಿದ್ದರೂ ಅದೇ ಯಂತ್ರದ ಅಂಕಿಗಳು ಈಗ ತಾಗಿಸುವವರ ಪರವಾಗಿಯೂ ಸಾಕ್ಷಿ ಹೇಳುತ್ತಿವೆ. 2024ರಲ್ಲಿ ಬ್ಯಾಟಿನ ವೇಗದ ಅಳತೆಯೂ ಬಹಿರಂಗವಾಯಿತು. ಆಟಗಾರರ ಸರಾಸರಿ ಗಂಟೆಗೆ 72 ಮೈಲಿಯ ಸುತ್ತಮುತ್ತ. ಲೂಯಿಸ್ ಅರ್ರಾಯೆಸ್ ಬ್ಯಾಟಿನ ವೇಗ 63ರ ಆಸುಪಾಸು, ಪಟ್ಟಿಯ ತಳದಲ್ಲಿ. ಅದೇ ಅರ್ರಾಯೆಸ್ 2022, 2023, 2024ರಲ್ಲಿ ಮೂರು ಬೇರೆ ಬೇರೆ ತಂಡಗಳಿಗೆ ಆಡಿ ಮೂರೂ ವರ್ಷ ಸರಾಸರಿಯಲ್ಲಿ ತಮ್ಮ ಲೀಗಿಗೆ ಮೊದಲಿಗರಾದರು. 2024ರಲ್ಲಿ ಸ್ಟ್ರೈಕ್‌ಔಟ್ ಆದದ್ದು 29 ಸಲ. ಬ್ಯಾಟಿನ ನಡುಪಟ್ಟಿಗೆ ಚೆಂಡನ್ನು ಅವರಷ್ಟು ಸಲ ತಾಗಿಸಿದವರು ಆ ವರ್ಷ ಇನ್ನೊಬ್ಬರಿರಲಿಲ್ಲ. ಆದರೆ ಭೌತಶಾಸ್ತ್ರವೂ ಸುಳ್ಳಾಗುವುದಿಲ್ಲ. ಬ್ಯಾಟಿನ ವೇಗ ಒಂದು ಮೈಲಿ ಹೆಚ್ಚಾದರೆ ಹೊರಡುವ ಚೆಂಡಿನ ವೇಗ ಸುಮಾರು 1.2 ಮೈಲಿ ಹೆಚ್ಚುತ್ತದೆ. ಚೆಂಡು ಬಂದ ವೇಗದಿಂದ ಸಿಗುವುದು ಐದನೇ ಒಂದು ಪಾಲು ಮಾತ್ರ. ಅರ್ರಾಯೆಸ್ ಹೋಮ್ ರನ್ ಹೊಡೆಯುವುದು ಅಪರೂಪ. ಎರಡನ್ನೂ ಒಬ್ಬರಲ್ಲೇ ಕಾಣಬೇಕೆಂದರೆ ಬ್ಯಾರಿ ಬಾಂಡ್ಸ್ ಅವರ 2004ರ ಸೀಸನ್ ನೋಡಬೇಕು: 45 ಹೋಮ್ ರನ್, 41 ಸ್ಟ್ರೈಕ್‌ಔಟ್. ಅವರು ಬ್ಯಾಟಿನ ಹಿಡಿಯನ್ನು ಯಾವಾಗಲೂ ತುಸು ಮೇಲೆ ಹಿಡಿಯುತ್ತಿದ್ದರು.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರಲ್ಲಿ ಸುದ್ದಿಯಾದ ಟಾರ್ಪಿಡೋ ಬ್ಯಾಟು, ಆಟಗಾರ ಹೆಚ್ಚಾಗಿ ಚೆಂಡು ತಾಗಿಸುವ ಜಾಗಕ್ಕೇ ಮರದ ತೂಕವನ್ನು ಸರಿಸಿದ ಬ್ಯಾಟು. ಭೌತಶಾಸ್ತ್ರಜ್ಞ ಆರನ್ ಲೀನ್‌ಹಾರ್ಟ್ ಅವರ ಯೋಚನೆ ಅದು. ನೇರವಾದ, ಒಳ್ಳೆಯ ಯೋಚನೆ. ಮಕ್ಕಳಿಗೆ ಅದಕ್ಕಿಂತ ಮುಖ್ಯ, ಬ್ಯಾಟು ಹಗುರವಾಗಿರುವುದು. ಬ್ಯಾಟಿಗೆ ಭಾರದ ಬಳೆ ತೊಡಿಸಿ ಬೀಸಿ ಆಮೇಲೆ ತೆಗೆದರೆ ಬ್ಯಾಟು ಹಗುರ ಎನಿಸುತ್ತದೆ. ಆದರೆ ಅಳೆದು ನೋಡಿದವರಿಗೆ ವೇಗ ಹೆಚ್ಚಿದ್ದು ಕಂಡಿಲ್ಲ, ತುಸು ಕುಗ್ಗಿದ್ದೇ ಕಂಡಿದೆ.

ಅಭ್ಯಾಸದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ಏಕೆಂದರೆ ಅಪ್ಪ ಅಮ್ಮಂದಿರ ಕೈಯಲ್ಲಿರುವುದು ಅದೇ. ಟೀ ಎಂಬ ನಿಲುಗೋಲಿನ ಮೇಲೆ ಚೆಂಡಿಟ್ಟು ಹೊಡೆಸುವುದು ಎಲ್ಲರೂ ಮಾಡುವ ಕೆಲಸ. ಆದರೆ ಟೀಯನ್ನು ಒಂದೇ ಕಡೆ ಇಟ್ಟರೆ ಹುಡುಗ ಕಲಿಯುವುದು ಆ ಒಂದು ಜಾಗವನ್ನು. ಒಳಬದಿಯ ಚೆಂಡನ್ನು ಮುಂಗಾಲಿಗಿಂತ ಮುಂದೆ, ನಡುವಿನದನ್ನು ಮುಂಗಾಲಿನ ನೇರಕ್ಕೆ, ಹೊರಬದಿಯದನ್ನು ಇನ್ನೂ ಹಿಂದೆ ಬರಗೊಟ್ಟು ಹೊಡೆಯಬೇಕು. ಹಾಗಾಗಿ ನಾನು ಪ್ರತಿ ನಾಲ್ಕು ಏಟಿಗೆ ಟೀ ಸರಿಸುತ್ತೇನೆ. ಯಂತ್ರದಿಂದ ಒಂದೇ ವೇಗದ ಚೆಂಡು ಐವತ್ತು ಸಲ ಬಂದರೆ ಕೊನೆಯ ಇಪ್ಪತ್ತು ಚೆನ್ನಾಗಿ ತಾಗುತ್ತವೆ, ಮನಸ್ಸಿಗೆ ಖುಷಿಯಾಗುತ್ತದೆ, ಪಂದ್ಯದಲ್ಲಿ ಅದು ಕೈಗೆ ಬರುವುದಿಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜು ಆಟಗಾರರನ್ನು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ 15 ಫಾಸ್ಟ್‌ಬಾಲ್, ಆಮೇಲೆ 15 ಕರ್ವ್‌ಬಾಲ್, ಆಮೇಲೆ ವೇಗ ತಗ್ಗಿಸಿ ಎಸೆಯುವ 15 ಚೇಂಜ್‌ಅಪ್. ಇನ್ನೊಂದಕ್ಕೆ ಅವೇ 45, ಯಾವುದು ಯಾವಾಗ ಬರುತ್ತದೆಂದು ತಿಳಿಯದ ಹಾಗೆ ಬೆರೆಸಿ. ಆರು ವಾರದ ಮೇಲೆ ಬೆರೆಸಿ ಆಡಿದವರ ಸುಧಾರಣೆ ಸುಮಾರು ಶೇ. 57, ಸಾಲಾಗಿ ಆಡಿದವರದು ಶೇ. 25.

ಡೊಮಿನಿಕನ್ ಗಣರಾಜ್ಯದ ಬೀದಿಗಳಲ್ಲಿ ಮಕ್ಕಳು 'ವಿಟಿಯಾ' ಎಂಬ ಆಟ ಆಡುತ್ತಾರೆ. ನೀರಿನ ದೊಡ್ಡ ಕ್ಯಾನಿನ ಪ್ಲಾಸ್ಟಿಕ್ ಮುಚ್ಚಳವೇ ಚೆಂಡು, ಕಸಬರಿಕೆಯ ಕೋಲೇ ಬ್ಯಾಟು. ಮುಚ್ಚಳ ಗಾಳಿಯಲ್ಲಿ ಯಾವ ಕಡೆಗೆ ಹೊರಳುತ್ತದೋ ಹೇಳಲಾಗದು. ಆ ಪುಟ್ಟ ದ್ವೀಪಾರ್ಧದಿಂದ ಮೇಜರ್ ಲೀಗಿಗೆ ಬಂದ ಹೊಡೆತಗಾರರ ಸಂಖ್ಯೆ ನೋಡಿದರೆ ಆ ಕೋಲಿನ ಬೆಲೆ ತಿಳಿಯುತ್ತದೆ. ಡಾನ್ ಬ್ರಾಡ್ಮನ್ ಬೌರಾಲ್‌ನ ಮನೆಯಲ್ಲಿ ನೀರಿನ ತೊಟ್ಟಿಯ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು ಸ್ಟಂಪಿನಿಂದ ಹೊಡೆಯುತ್ತಿದ್ದದ್ದೂ ಇದೇ ವಿದ್ಯೆ. ನಾನು ಚಿಕ್ಕವಳಿದ್ದಾಗ ಅಣ್ಣಂದಿರ ಜೊತೆ ಚಿನ್ನಿದಾಂಡು ಆಡಿದ್ದೇನೆ. ದಾಂಡಿನಿಂದ ಚಿನ್ನಿಯ ತುದಿ ತಟ್ಟಿ, ಅದು ಎಗರಿದಾಗ ಗಾಳಿಯಲ್ಲೇ ಹೊಡೆಯಬೇಕು. ಜೋರಾಗಿ ಬೀಸಿದವರಿಗೆ ಬರೀ ಗಾಳಿ, ಚಿನ್ನಿ ಮೇಲೇರಿ ನಿಲ್ಲುವ ಆ ಒಂದು ಚಣ ಕಾದವರಿಗೆ ಮಾತ್ರ ಏಟು. ಕಳೆದ ಬೇಸಿಗೆಯಲ್ಲಿ ಮಗನಿಗೆ ಒಂದು ಚಿನ್ನಿ ಕೆತ್ತಿ ಕೊಟ್ಟೆ. ಮೊದಲ ದಿನ ಒಂದೂ ತಾಗಲಿಲ್ಲ, ಅಳು ಬಂತು. ವಾರ ಕಳೆಯುವಷ್ಟರಲ್ಲಿ ಬೇಲಿಗೆ ಹೊಡೆಯುತ್ತಿದ್ದ.

ಮೊದಲು ಜೋರಾಗಿ ಬೀಸಲು ಕಲಿಸಿ, ತಾಗಿಸುವುದು ಆಮೇಲೆ ತಾನಾಗಿ ಬರುತ್ತದೆ ಎನ್ನುವ ತರಬೇತುದಾರರು ಈಗ ಬಹಳ. ಬೆಳೆಯುವ ಮೈಗೆ ವೇಗ ಕಲಿಸುವುದು ಸುಲಭ ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ; ಮಗನಿಗೆ ಮೆಲ್ಲಗೆ ಬೀಸು ಎಂದು ನಾನು ಹೇಳುವುದಿಲ್ಲ. ಆದರೆ ಆಯ್ಕೆ ತಾನಾಗಿ ಬರುವುದಿಲ್ಲ, ಅದನ್ನೂ ಅಷ್ಟೇ ಚಿಕ್ಕಂದಿನಿಂದ ಅಭ್ಯಾಸ ಮಾಡಿಸಬೇಕು. ಇನ್ನೊಂದು ಬಕೆಟ್ಟಿನಲ್ಲಿ 30 ಟೆನಿಸ್ ಚೆಂಡುಗಳಿವೆ, ಅರ್ಧಕ್ಕೆ ಕೆಂಪು ಮಸಿಯ ಬೊಟ್ಟು ಇಟ್ಟಿದ್ದೇನೆ. ಕೆಂಪಿಗೆ ಬೀಸಬಾರದು, ಬೊಟ್ಟಿಲ್ಲದ್ದಕ್ಕೆ ಇದ್ದ ಶಕ್ತಿಯೆಲ್ಲ ಹಾಕಬೇಕು. ನನ್ನ ಕೈಬಿಟ್ಟ ಮೇಲೆ ಅವನಿಗೆ ಸಿಗುವುದು ಹದಿನೈದು ಅಡಿ. ಪುಸ್ತಕದಲ್ಲಿ ನಾನು ಬರೆದಿಡುವುದು ಅವನು ಎಷ್ಟು ಹೊಡೆದ ಎಂಬುದನ್ನಲ್ಲ. ಮಾರ್ಚಿನಲ್ಲಿ ಬರೆದದ್ದು: ಕೆಂಪು 15, ಬಿಟ್ಟದ್ದು 4. ನಿನ್ನೆ ಬರೆದದ್ದು: ಕೆಂಪು 15, ಬಿಟ್ಟದ್ದು 12.